ಎಡಗಾಲಿನ ಅಚ್ಚು

ಅಣ್ಣ ಅಂಗಡಿಯ ಶಟರ್ ಎಳೆದು ಬೀಗ ಹಾಕಿದಾಗ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ರಜೆ ಮುಗಿದು ಶಾಲೆ ಶುರುವಾಗುವ ಸಮಯ. ಮಕ್ಕಳ ಶೂಗಳು ರಾಶಿ ಬಿದ್ದಿದ್ದವು. ಒಂದರ ಅಟ್ಟೆ ಬಾಯಿ ಬಿಟ್ಟಿದೆ, ಒಂದರ ಬಕಲ್ ಕಿತ್ತಿದೆ, ಒಂದರ ಹಿಮ್ಮಡಿ ಸವೆದು ಓರೆಯಾಗಿದೆ. ಎಲ್ಲರಿಗೂ ನಾಳೆಯೇ ಬೇಕು. ಅವನು ಮುಗಿಸಿ ಏಳುವಷ್ಟರಲ್ಲಿ ಎದುರಿನ ಔಷಧಿ ಅಂಗಡಿಯ ದೀಪವೂ ಆರಿತ್ತು.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ಚಪ್ಪಲಿ, ಶೂ ರಿಪೇರಿ ಮಾಡುತ್ತಾನೆ. ಇದು ಅವನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದನ್ನು ಕೇಳಿ ನಾನು ಹೇಳುತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು ಹೇಳಿದ. ಹೇಳುವನು… ನಿಲ್ಲಿಸುವನು… ಬಾಗಿಲ ಕಡೆ ನೋಡುವನು… ಮತ್ತೆ ಹೇಳುವನು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಕೇಳಿದ್ದನ್ನು ಕೇಳಿದ ಹಾಗೆಯೇ ನೆನಪಿಟ್ಟುಕೊಳ್ಳುವುದು ನನಗೆ ಅಭ್ಯಾಸ.

ಅವನ ಬಗ್ಗೆ ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಅವನ ಬಾಯಲ್ಲಿ ಯಾವಾಗಲೂ ಮೊಳೆ. ನಾಲ್ಕೈದು ಸಣ್ಣ ಮೊಳೆಗಳನ್ನು ತುಟಿಯ ತುದಿಯಲ್ಲಿ ಕಚ್ಚಿಕೊಂಡು, ಒಂದೊಂದೇ ತೆಗೆದು ಬಡಿಯುತ್ತಾನೆ. ಹಾಗಾಗಿ ಗಿರಾಕಿಗಳ ಜೊತೆ ಅವನ ಮಾತು ‘ಹ್ಞೂಂ’, ‘ಉಹೂಂ’ ಎರಡೇ. ಬೀದಿಯವರು ಮೊಳೆಬಾಯಿ ಎಂದೇ ಕರೆಯುತ್ತಾರೆ. ಅವನ ಮದುವೆಯಲ್ಲಿ ಫೋಟೋದವನು “ಸ್ವಲ್ಪ ನಗಿ ಸಾರ್” ಅಂದಾಗ, ಅತ್ತಿಗೆ ಪಕ್ಕದಿಂದ, “ಬೇಡಪ್ಪ, ಉದುರಿದ್ರೆ ನನ್ನ ಕಾಲಿಗೇ ಚುಚ್ಚುತ್ತೆ” ಅಂದರಂತೆ. ಅಂಗಡಿ ಮುಚ್ಚಿದ ಮೇಲೂ ಒಂದು ಮೊಳೆಯನ್ನು ಮರೆತು, ಹಾಗೇ ಕಚ್ಚಿಕೊಂಡು ಮನೆಗೆ ಬರುವುದು ಅವನ ಚಾಳಿ.

ಆ ರಾತ್ರಿಯೂ ಒಂದಿತ್ತು.

ಶಟರ್ ಎಳೆಯುವ ಮುಂಚೆ ಅವನು ಮಾಡಿದ ಕೊನೆಯ ಕೆಲಸ ತನ್ನ ಮಗಳ ಚಪ್ಪಲಿಯನ್ನು ಅಚ್ಚಿಗೆ ಹಾಕಿದ್ದು. ಅಚ್ಚು ಎಂದರೆ ಪಾದದ ಆಕಾರಕ್ಕೆ ಕೆತ್ತಿದ ಮರ. ಗಟ್ಟಿ ಮರ, ಕೈಯಲ್ಲಿ ಹಿಡಿದರೆ ಕಲ್ಲಿನಷ್ಟು ಭಾರ. ಬಿಗಿಯಾದ ಚಪ್ಪಲಿಯ ಪಟ್ಟಿಗೆ ನೀರು ಸವರಿ, ಅಚ್ಚಿನ ಮೇಲೆ ತೊಗಲಿನ ತುಂಡು ಇಟ್ಟು, ಅದಕ್ಕೆ ಚಪ್ಪಲಿ ಹತ್ತಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪಟ್ಟಿ ಹಿಗ್ಗಿರುತ್ತದೆ. ಅವನ ಅಪ್ಪ ಮಾಡುತ್ತಿದ್ದ ಕೆಲಸ. ಅಚ್ಚುಗಳೂ ಅಪ್ಪನವೇ.

ಮಗಳು ಎರಡು ದಿನದಿಂದ ಹೇಳುತ್ತಿದ್ದಳು. “ಅಪ್ಪಾ, ಪಟ್ಟಿ ಕಚ್ಚುತ್ತೆ. ಮೊನ್ನೆ ಒಂದು ತೂತು ಮುಂದಕ್ಕೆ ಹಾಕ್ಕೊಟ್ಯಲ್ಲ, ಅದೂ ಸಾಲಲ್ಲ.”

ಅವಳನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅದಕ್ಕೆ. ಹದಿನಾರು ವರ್ಷ. ನನ್ನ ತರಗತಿಯವಳೇ. ಆದರೆ ಕೆಲವು ತಿಂಗಳಿಂದ ಶಾಲೆಗೆ ಬಂದಿರಲಿಲ್ಲ. ನಾನು ಮನೆಗೆ ಹೋಗಿ ಕೇಳಿದಾಗ ಅತ್ತಿಗೆ ಬಾಗಿಲಲ್ಲೇ ನಿಂತು, “ಅಜ್ಜಿಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಕಳ್ಸಿದೀವಿ” ಅಂದಿದ್ದರು. ಅವಳು ಒಳಗಿನ ಕೋಣೆಯಲ್ಲೇ ಇದ್ದಳು. ಬಸುರಿಯಾಗಿದ್ದಳು. ಅದಕ್ಕೆ ಕಾರಣನಾದ ಹುಡುಗ ಊರು ಬಿಟ್ಟು ಹೋಗಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಮೊದಲು ವಯಸ್ಸು ಕೇಳುತ್ತಾರೆ, ವಯಸ್ಸು ಹೇಳಿದರೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಕಿಟಕಿ ಮುಚ್ಚಿ ಇಟ್ಟಿದ್ದರು. ಹಿತ್ತಲಿನ ಬಚ್ಚಲಿಗೆ ಹೋಗಿ ಬರುವುದಕ್ಕಷ್ಟೇ ಅವಳಿಗೆ ಚಪ್ಪಲಿ ಬೇಕಾಗಿದ್ದದ್ದು.

ಇದಿಷ್ಟು ಆ ರಾತ್ರಿಯ ಹಿಂದಿನ ಮಾತು.

ಅಂಗಡಿಯಿಂದ ಮನೆಗೆ ಹೋಗುವ ಅಡ್ಡದಾರಿಯಲ್ಲಿ ಒಂದು ಹಳೆಯ ಬಾವಿಯಿದೆ. ಮನೆಮನೆಗೆ ನಲ್ಲಿ ಬಂದ ಮೇಲೆ ಅದರ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕಟ್ಟೆ ಮಾತ್ರ ಹಾಗೇ ಇದೆ. ಪಕ್ಕದಲ್ಲಿ ಒಂದು ಬೀದಿದೀಪ. ಅದು ನೆಟ್ಟಗೆ ಉರಿಯುವುದಿಲ್ಲ. ‘ಜ್ಜ್…’ ಎನ್ನುತ್ತದೆ, ಹತ್ತುತ್ತದೆ. ‘ಟಕ್’ ಎನ್ನುತ್ತದೆ, ಆರುತ್ತದೆ.

ಅಣ್ಣ ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಸದ್ದು ಕೇಳಿಸಿತು.

ಸರ್… ಟಪ್.

ಸರ್… ಟಿಕ್.

ನಿಂತ. ಸದ್ದೂ ನಿಂತಿತು. ನಡೆದ. ಸರ್… ಟಪ್. ಸರ್… ಟಿಕ್.

ಬೇರೆಯವರಾಗಿದ್ದರೆ ಯಾರೋ ಬರುತ್ತಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಅಣ್ಣ ಹಾಗಲ್ಲ. ಮುಖ ಮರೆತರೂ ಚಪ್ಪಲಿ ಮರೆಯುವವನಲ್ಲ. ನಡೆಯುವ ಸದ್ದು ಕೇಳಿ, ಯಾರ ಹಿಮ್ಮಡಿ ಎಲ್ಲಿ ಸವೆದಿದೆ ಎಂದು ಹೇಳುತ್ತಾನೆ. ಇದು ದೊಡ್ಡ ಚಪ್ಪಲಿಯೊಳಗೆ ಸಣ್ಣ ಕಾಲು. ಎತ್ತಿ ಇಡಲಾಗದೆ ಎಳೆಯುತ್ತಿರುವ ಕಾಲು. ಎಡಗಡೆಯದು ಬರೀ ರಬ್ಬರು, ಟಪ್ ಎನ್ನುತ್ತದೆ. ಬಲಗಡೆಯದರ ಅಡಿಯಲ್ಲಿ ಮೊಳೆಯಿದೆ, ಕಲ್ಲಿಗೆ ತಾಗಿ ಟಿಕ್ ಎನ್ನುತ್ತದೆ. ಬಾರು ಕಿತ್ತುಹೋದಾಗ ಅಡಿಯಿಂದ ಮೊಳೆ ಚುಚ್ಚಿ ನಿಲ್ಲಿಸುವ ರಿಪೇರಿ ಅದು.

“ಅಂಥ ಕಳ್ಳ ರಿಪೇರಿ ನಾನು ಗಿರಾಕಿಗೆ ಮಾಡಲ್ಲ ಕಣೇ,” ಅಂದ ಅಣ್ಣ ನನಗೆ. “ನನ್ನ ಸ್ವಂತ ಚಪ್ಪಲಿಗೆ ಮಾತ್ರ ಮಾಡ್ಕೊಳ್ಳೋದು. ಹಾಗೆ ಮಾಡ್ಕೊಂಡ ಚಪ್ಪಲಿ ನನ್ನ ಹತ್ರ ಒಂದೇ ಜೊತೆ ಇತ್ತು.”

ಆ ಜೊತೆ ಎಲ್ಲಿ ಹೋಯಿತೆಂದು ನನಗೂ ಗೊತ್ತಿತ್ತು.

ನನಗೊಬ್ಬಳು ತಂಗಿ ಇದ್ದಳು. ನಮ್ಮ ಅಪ್ಪ ತೀರಿಕೊಂಡ ಮೇಲೆ ದೊಡ್ಡವರು ಸೇರಿ ಅವಳಿಗೆ ಮದುವೆ ಮಾಡಿಬಿಟ್ಟರು. ನಾನು ಆಗ ಬೇರೆ ಊರಿನಲ್ಲಿ ಟೀಚರ್ ತರಬೇತಿಯಲ್ಲಿದ್ದೆ. ಅವಳಿಗೂ ಹದಿನಾರೇ. “ಗಟ್ಟಿ ಹುಡುಗಿ, ಏನಾಗಲ್ಲ” ಎಂದು ಎಲ್ಲರೂ ಹೇಳಿದ್ದರು. ಗಟ್ಟಿಯೇ ಇದ್ದಳು. ಓಟದಲ್ಲಿ ನನ್ನನ್ನು ಯಾವಾಗಲೂ ಹಿಂದೆ ಹಾಕುತ್ತಿದ್ದಳು.

ಬಸುರಿಯಾಗಿ ಎಂಟನೆಯ ತಿಂಗಳಲ್ಲಿ ಅವಳು ಅಣ್ಣನ ಅಂಗಡಿಗೆ ಬಂದಳು. ಚಪ್ಪಲಿ ಬಿಗಿ ಅಂದಳು. ಅಣ್ಣ ಒಂದು ತೂತು ಮುಂದಕ್ಕೆ ಹಾಕಿಕೊಟ್ಟ. ಎರಡು ದಿನ ಬಿಟ್ಟು ಮತ್ತೆ ಬಂದಳು. ಇನ್ನೊಂದು ತೂತು. ಮೂರನೆಯ ಸಲ ಬಂದಾಗ ಪಟ್ಟಿಯ ಗೆರೆ ಕಾಲಿನ ಮೇಲೆ ಹಗ್ಗದ ಹಾಗೆ ಕೂತಿತ್ತು. ಅಣ್ಣ ಮೊಳೆ ಕಚ್ಚಿಕೊಂಡೇ ಏನೋ ಅಂದ. ಅವಳಿಗೆ ತಿಳಿಯಲಿಲ್ಲ.

“ಮೊಳೆ ಉಗುಳು, ಆಮೇಲೆ ಮಾತಾಡು” ಅಂದಳು. ಅದು ಅವಳು ಯಾವಾಗಲೂ ಅನ್ನುತ್ತಿದ್ದ ಮಾತು. ಅವನಿಗೆ ಹಾಗೆ ಅನ್ನುವ ಧೈರ್ಯ ಅವಳಿಗೆ ಮಾತ್ರ ಇತ್ತು.

ಅವನು ಮೊಳೆ ಉಗುಳಿ, “ಬಿಟ್ಟು ಹೋಗು, ಅಚ್ಚಿಗೆ ಹಾಕ್ತೀನಿ. ನಾಳೆ ಬಾ” ಅಂದ. ಬರಿಗಾಲಲ್ಲಿ ಹೋಗಬೇಡ ಎಂದು ತನ್ನ ರಬ್ಬರ್ ಚಪ್ಪಲಿ ಕೊಟ್ಟ. ಅವಳು ಅದನ್ನು ಹಾಕಿಕೊಂಡು, “ಇದೇನಣ್ಣಾ, ದೋಣಿ ಕೊಟ್ಟಿದೀಯ” ಎಂದು ನಗುತ್ತಾ ಹೋದಳು. ಸರ್… ಟಪ್. ಸರ್… ಟಿಕ್.

ಆ ಸಂಜೆ ಅವಳಿಗೆ ತಲೆನೋವು ಬಂತು. ಮಲಗು ಅಂದರು. ಕಣ್ಣ ಮುಂದೆ ಏನೋ ಮಿಂಚುತ್ತದೆ ಅಂದಳು. ಬಿಸಿಲಿಗೆ ಹೋಗಿದ್ದಕ್ಕೆ ಇರಬೇಕು ಅಂದರು. ಬೆಳಗಿನ ಜಾವ ಮೈ ಸೆಟೆದುಕೊಂಡು ಫಿಟ್ಸ್ ಬಂತು. ಮತ್ತೆ ಬಂತು. ಗಾಡಿ ಸಿಗುವುದರೊಳಗೆ ಅವಳು ಹೋದಳು. ಹೊಟ್ಟೆಯಲ್ಲಿದ್ದ ಮಗುವೂ ಹೋಯಿತು.

ನಾನು ಬಂದು ನೋಡಿದಾಗ ಮುಖ ಎಷ್ಟು ಊದಿತ್ತೆಂದರೆ, ಪಕ್ಕದಲ್ಲಿದ್ದವರನ್ನು ಕೇಳಿದೆ, ಇವಳೇನಾ ಎಂದು.

ಅಣ್ಣನ ರಬ್ಬರ್ ಚಪ್ಪಲಿ ಆ ಮನೆಯ ಬಾಗಿಲಲ್ಲಿ ಇರಲಿಲ್ಲ. ಆ ಹೊತ್ತಿನಲ್ಲಿ ಅದನ್ನು ಹುಡುಕುವವರು ಯಾರು? ಅಚ್ಚಿನ ಮೇಲಿದ್ದ ಅವಳ ಚಪ್ಪಲಿಯನ್ನು ಅಣ್ಣ ನನಗೆ ತಂದುಕೊಟ್ಟ. ಪಟ್ಟಿ ಚೆನ್ನಾಗಿ ಹಿಗ್ಗಿತ್ತು. ಅದು ನನ್ನ ಕಪಾಟಿನಲ್ಲಿದೆ.

ಬದುಕಿದ್ದರೆ ಈಗ ಅವಳ ಮಕ್ಕಳು ಮದುವೆಗೆ ಬಂದಿರುತ್ತಿದ್ದರು.

ಸರಿ. ಬಾವಿಯ ಹತ್ತಿರ ಅಣ್ಣ ನಿಂತಿದ್ದಾನೆ. ದೀಪ ಆರಿದೆ. ಹಿಂದೆ ತಿರುಗಲು ಕುತ್ತಿಗೆ ಒಪ್ಪುತ್ತಿಲ್ಲ. ಆದರೂ ಕೇಳಿದ.

“ಯಾರು?”

ಹಲ್ಲಿನ ನಡುವೆ ಮೊಳೆಯಿತ್ತು. ಮಾತು ಸರಿಯಾಗಿ ಹೊರಡಲಿಲ್ಲ.

ಕಿವಿಯ ಪಕ್ಕದಲ್ಲೇ, ಪಿಸುದನಿಯಲ್ಲಿ…

“ಮೊಳೆ ಉಗುಳು, ಆಮೇಲೆ ಮಾತಾಡು.”

ಜ್ಜ್… ದೀಪ ಹತ್ತಿತು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಅಣ್ಣ ಮುಖ ನೋಡಲಿಲ್ಲ. ನೋಡಬೇಕು ಅನ್ನಿಸಿತಂತೆ, ಕಣ್ಣು ಮೇಲೇಳಲಿಲ್ಲ. ಕಂಡದ್ದು ಕಾಲು. ಕಟ್ಟೆಯಿಂದ ಇಳಿಬಿದ್ದ ಎರಡು ಪಾದ. ಕಣಕಾಲಿನ ಗಂಟೇ ಕಾಣದ ಹಾಗೆ ಊದಿಕೊಂಡ ಪಾದ. ಅದಕ್ಕೆ ಅವನ ಚಪ್ಪಲಿ. ಬಲಗಡೆಯದರ ಅಡಿಯಲ್ಲಿ ಮೊಳೆಯ ತಲೆ ಹೊಳೆಯುತ್ತಿತ್ತು.

ಟಕ್. ಆರಿತು.

“ಅಣ್ಣಾ… ಚಪ್ಪಲಿ ಆಯ್ತಾ?”

“ಆಯ್ತು,” ಅಂದ ಅಣ್ಣ. ತನ್ನ ದನಿ ತನಗೇ ಕೇಳಿಸಲಿಲ್ಲ. “ಆವತ್ತೇ ಆಯ್ತು. ನೀನೇ ಬರ್ಲಿಲ್ಲ.”

“ಸಡಿಲ ಆಯ್ತಾ?”

“ಹ್ಞೂಂ.”

ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು. ಟುಳಕ್.

“ನೀನು ಚಪ್ಪಲಿ ನೋಡ್ದೆ, ಅಣ್ಣಾ. ಕಾಲು ನೋಡ್ಲಿಲ್ಲ.”

ಸಿಟ್ಟಿನಿಂದ ಅಂದದ್ದಲ್ಲ, ಅಂದ ಅಣ್ಣ. ಅಂಗಡಿಯಲ್ಲಿ ಕೂತು ಮಾತಾಡುವ ಹಾಗೇ ಅಂದಳು. ಅದಕ್ಕೇ ತಡೆಯಲಾಗಲಿಲ್ಲ, ಅಂದ.

“ಒತ್ತಿ ನೋಡು.”

ದೀಪ ಹತ್ತಿತು. ಎಡಗಾಲು ಮುಂದಕ್ಕೆ ಬಂದಿತ್ತು. ಅಣ್ಣ ಕುಕ್ಕರಗಾಲಿನಲ್ಲಿ ಕೂತ. ದಿನವೂ ಹತ್ತಾರು ಜನರ ಕಾಲ ಮುಂದೆ ಹಾಗೇ ಕೂರುವವನು ತಾನೆ. ಹೆಬ್ಬೆರಳಿನಿಂದ ಪಾದದ ಮೇಲ್ಭಾಗ ಒತ್ತಿದ. ಕಲ್ಲಿನಷ್ಟು ತಣ್ಣಗಿತ್ತು. ಆದರೆ ಕಲಸಿದ ಹಿಟ್ಟಿನಷ್ಟು ಮೆತ್ತಗಿತ್ತು. ಬೆರಳು ತೆಗೆದ. ಅಲ್ಲಿ ಗುಳಿ ಬಿದ್ದಿತ್ತು.

ಕಾದ. ಗುಳಿ ಹಾಗೇ ಇತ್ತು.

“ಮೇಲಕ್ಕೆ ಬರ್ತಿಲ್ಲ,” ಅಂದ.

“ಬರಲ್ಲ,” ಅಂದಳು. “ತಲೆ ಸಿಡಿಯುತ್ತೆ. ಕಣ್ಮುಂದೆ ಕಿಡಿ ಹಾರುತ್ತೆ. ಇಲ್ಲಿ… ಪಕ್ಕೆ ಕೆಳಗೆ… ಹಿಂಡುತ್ತೆ. ಎಲ್ರೂ ಮಲಕ್ಕೋ ಅಂದ್ರು. ಮಲಕ್ಕೊಂಡೆ.”

ಟಕ್. ಕತ್ತಲೆ.

“ಮನೇಲಿರೋಳ ಕಾಲು ಯಾರಾದ್ರೂ ಒತ್ತಿ ನೋಡಿದ್ರಾ?”

ಅಷ್ಟೇ. ದೀಪ ಮತ್ತೆ ಹತ್ತಿದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಸದ್ದು ಮಾತ್ರ ದೂರ ಹೋಗುತ್ತಿತ್ತು. ಸರ್… ಟಪ್. ಸರ್… ಟಿಕ್. ಬಾವಿಯ ಕಡೆಗಲ್ಲ. ಅವನು ಬಂದ ದಾರಿಯಲ್ಲೇ, ಅಂಗಡಿಯ ಕಡೆಗೆ.

ಅಣ್ಣ ಓಡಿದ. ಹೊಟ್ಟೆ ಬಂದ ಗಂಡಸು ಓಡಿದರೆ ಹೇಗಿರುತ್ತದೆ ಹೇಳಿ. ನಾಯಿಯೊಂದು ಬೊಗಳಲೂ ಮರೆತು ನೋಡುತ್ತಾ ನಿಂತಿತ್ತಂತೆ.

ಮನೆಯ ಬಾಗಿಲು ತೆಗೆದ ಅತ್ತಿಗೆ, “ಏನ್ರೀ ಇದು, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?” ಅಂದರು. ಅವನು ಒಳಕೋಣೆಗೆ ನುಗ್ಗಿದ. ಚೂಟಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒದ್ದೆ ಬಟ್ಟೆ ಹಣೆಗೆ ಕಟ್ಟಿತ್ತು.

“ಅಪ್ಪಾ, ದೀಪ ಆರ್ಸು,” ಅಂದಳು. “ಕಣ್ಣಿಗೆ ಚುಚ್ಚುತ್ತೆ.”

“ಸಂಜೆಯಿಂದ ತಲೆನೋವಂತೆ,” ಅಂದರು ಅತ್ತಿಗೆ. “ಗಾಳಿ ಆಡಲ್ಲ ಕೋಣೇಲಿ, ಅದಕ್ಕೇ. ಮಲಕ್ಕೊಂಡ್ರೆ ಸರಿಹೋಗುತ್ತೆ.”

ಅಣ್ಣ ಹೊದಿಕೆ ಸರಿಸಿ ಎಡಗಾಲು ಹಿಡಿದ. ಒತ್ತಿದ. ಬೆರಳು ತೆಗೆದ.

ಗುಳಿ.

ಕಾದ. ಅದೇ ಗುಳಿ. ಮಗಳ ಕಾಲು ಬಿಸಿಯಾಗಿತ್ತು, ಅಷ್ಟೇ ವ್ಯತ್ಯಾಸ.

“ಪಕ್ಕೆ ಕೆಳಗೆ ನೋಯುತ್ತಾ?”

ಅವಳು ಕಣ್ಣು ತೆರೆದಳು. “ನಿಂಗೆ ಹೆಂಗೊತ್ತು?”

“ಎಬ್ಬಿಸು ಅವಳನ್ನ,” ಅಂದ ಅತ್ತಿಗೆಗೆ. “ಆಸ್ಪತ್ರೆಗೆ ಹೋಗೋಣ.”

“ತಲೆ ಕೆಟ್ಟಿದ್ಯಾ? ಈ ಹೊತ್ತಲ್ಲಿ? ಇಷ್ಟು ದಿನ ಮುಚ್ಚಿಟ್ಟಿದ್ದೆಲ್ಲ… ಬಸುರೀರ ಕಾಲು ಊದಲ್ವಾ? ನಂದೂ ಊದಿತ್ತು. ಜನ ಏನಂತಾರೆ?”

“ಅಂದ್ಕೊಳ್ಲಿ.”

“ನಾಳೆ ಬೆಳಿಗ್ಗೆ ಹೋದ್ರಾಗಲ್ವಾ?”

“ಅವಳಿಗೂ ನಾಳೆ ಬಾ ಅಂದಿದ್ದೆ ನಾನು,” ಅಂದ ಅಣ್ಣ.

ಅತ್ತಿಗೆ ಅವನ ಮುಖ ನೋಡಿ ಸೆರಗು ಸರಿಮಾಡಿಕೊಂಡು ಮಗಳ ತೋಳಿಗೆ ಕೈ ಹಾಕಿದರು.

ಪಕ್ಕದ ಮನೆಯವನದು ಹಾಲಿನ ವ್ಯಾನು. ಹೇಗೂ ಸ್ವಲ್ಪ ಹೊತ್ತಿಗೆ ಹೊರಡುವವನು. ಅವನು ಕಣ್ಣುಜ್ಜಿಕೊಂಡು ಬಂದು, ಹುಡುಗಿಯನ್ನು ನೋಡಿದ, ಅವಳ ಹೊಟ್ಟೆ ನೋಡಿದ, “ಅಜ್ಜಿ ಮನೆ ಬಹಳ ಹತ್ರದಲ್ಲೇ ಇದೆ” ಅಂದ. ಖಾಲಿ ಕ್ರೇಟುಗಳನ್ನು ತಾನೇ ಇಳಿಸಿ ಜಾಗ ಮಾಡಿದ. ದಾರಿಯುದ್ದಕ್ಕೂ ಉಳಿದ ಕ್ರೇಟುಗಳು ಗಡಗಡ ಗಡಗಡ. ಅದರ ನಡುವೆ ಚೂಟಿಯ ದನಿ. “ಅಮ್ಮಾ, ಎರಡೆರಡು ಕಾಣುತ್ತೆ. ಅಪ್ಪ ಇಬ್ರು ಇದಾರೆ.”

ಆಸ್ಪತ್ರೆಯಲ್ಲಿ ಮೇಜಿನ ಹಿಂದೆ ನರ್ಸ್ ಇದ್ದರು. ಎದುರಿನ ಬೆಂಚಿನ ತುಂಬ ಜನ.

“ವಯಸ್ಸು?”

“ಹತ್ತೊಂಬತ್ತು,” ಅಂದರು ಅತ್ತಿಗೆ. ಆ ಮಾತು ಮೊದಲೇ ತಯಾರಾಗಿತ್ತು.

“ಗಂಡ?”

“ಊರಲ್ಲಿಲ್ಲ.”

“ಡಾಕ್ಟರಿಗೆ ತೋರಿಸ್ತಾ ಇದ್ರಾ?”

“ಹ್ಞೂಂ, ಹ್ಞೂಂ, ಎಲ್ಲ ಸರಿಯಾಗಿದೆ ಅಂದಿದ್ರು. ತಲೆನೋವು ಅಷ್ಟೇ.”

“ಕೂತ್ಕೊಳ್ಳಿ. ಇವರೆಲ್ಲ ಮುಂಚೆ ಬಂದವರು. ಕರೀತೀನಿ.”

ಅಣ್ಣ ಏನೋ ಅಂದ. ನರ್ಸ್ ತಲೆಯೆತ್ತಿದರು. “ಏನ್ರೀ? ಬಾಯಲ್ಲೇನದು?”

ಆಗ ಗೊತ್ತಾಯಿತು ಅವನಿಗೆ. ಬಾವಿಯ ಹತ್ತಿರ ಉಗುಳಲೇ ಇಲ್ಲ. ಅಷ್ಟು ಹೊತ್ತೂ ಮೊಳೆ ಬಾಯಲ್ಲೇ ಇತ್ತು. ಮೊಳೆಯನ್ನು ಕಚ್ಚಿಕೊಂಡೇ ಓಡಿದ್ದ, ಕಚ್ಚಿಕೊಂಡೇ ಮಾತಾಡಿದ್ದ. ಒಳತುಟಿ ಕೊಯ್ದು ರಕ್ತ ಬಂದಿತ್ತು. ಬೆರಳು ಹಾಕಿ ತೆಗೆದು ಮೇಜಿನ ಮೇಲಿಟ್ಟ. ಟಿಣ್.

“ಹದಿನಾರು,” ಅಂದ. “ಅವಳಿಗೆ ಹದಿನಾರು. ಏಳನೇ ತಿಂಗಳು. ಒಂದು ಸಲಾನೂ ಯಾರಿಗೂ ತೋರಿಸಿಲ್ಲ. ಗಂಡ ಇಲ್ಲ. ಕಾಲು ಒತ್ತಿ ನೋಡಿ ತಾಯಿ.”

ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನರ್ಸ್ ಕಾಲು ಒತ್ತಲಿಲ್ಲ, ಒಮ್ಮೆ ಮುಖ ನೋಡಿ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಫುಸ್… ಫುಸ್… ಫುಸ್… ಗಾಳಿ ಬಿಟ್ಟರು. ಇನ್ನೊಮ್ಮೆ ಸುತ್ತಿದರು. ಆಮೇಲೆ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು, “ಡಾಕ್ಟ್ರೇ!” ಎಂದು ಕೂಗಿದರು.

ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸುತ್ತಿದ್ದ ಹಾಗೆ ಅವಳಿಗೆ ಫಿಟ್ಸ್ ಬಂತು. ಅಣ್ಣ ಬಾಗಿಲ ಹೊರಗಿದ್ದ. ಕಬ್ಬಿಣದ ಮಂಚ ಗಣಗಣ ಗಣಗಣ ಬಡಿದುಕೊಳ್ಳುವುದು ಕೇಳಿಸಿತು. ಹಲ್ಲು ಕಟಕಟ ಎನ್ನುವುದು ಕೇಳಿಸಿತು. ಯಾರೋ “ಹಿಡಕೊಳ್ಳಿ, ಪಕ್ಕಕ್ಕೆ ತಿರುಗ್ಸಿ, ಇಂಜೆಕ್ಷನ್, ಬೇಗ” ಅಂದದ್ದು ಕೇಳಿಸಿತು. ಆಮೇಲೆ ಮಂಚದ ಸದ್ದು ನಿಂತಿತು. ನಿಂತದ್ದಕ್ಕೇ ಹೆಚ್ಚು ಹೆದರಿಕೆ ಆಯಿತು, ಅಂದ.

ಡಾಕ್ಟರು ಹೆಂಗಸು. ಹೊರಗೆ ಬಂದವರು ಅವನನ್ನು ಗದರಿಸಲಿಲ್ಲ. ಬಹಳ ಸುಸ್ತಾಗಿದ್ದರು.

“ರಕ್ತದೊತ್ತಡ ತಲೆಗೇರಿದೆ. ಮೈಯಲ್ಲಿ ರಕ್ತಾನೂ ಇಲ್ಲ,” ಅಂದರು. “ಹದಿನಾರು ವರ್ಷದ ಮೈ ತಾನೇ ಇನ್ನೂ ಬೆಳೀತಾ ಇರುತ್ತೆ, ಇವರೇ. ಅದೇ ಮೈಯೊಳಗೆ ಇನ್ನೊಂದು ಬೆಳೀಬೇಕು. ದೊಡ್ಡೋರಿಗೂ ಈ ಕಾಯಿಲೆ ಬರುತ್ತೆ, ಆದ್ರೆ ಇಂಥ ಎಳೇ ಮಕ್ಕಳಿಗೆ ಜಾಸ್ತಿ. ಮೊದಲೇ ಬಂದಿದ್ರೆ ಮಾತ್ರೇಲಿ ಹಿಡಿದಿಡಬಹುದಿತ್ತು. ಈಗ ಮಗು ತೆಗೀಲೇಬೇಕು. ತಾಯೀನ ಉಳಿಸ್ಕೊಳ್ಳೋಕೆ ನೋಡ್ತೀನಿ.”

“ಮಗು?” ಅಂದ ಅಣ್ಣ.

ಡಾಕ್ಟರು ಆಗಲೇ ತಿರುಗಿದ್ದರು. ಒಳಗೆ ಹೋದರು.

ಬೆಳಗಾಗುವ ಹೊತ್ತಿಗೆ ಅಣ್ಣ ಫೋನ್ ಮಾಡಿ ನನ್ನನ್ನು ಕರೆಸಿದ. ನಾನು ಹೋದಾಗ ಆಪರೇಷನ್ ಮುಗಿದಿತ್ತು. ಚೂಟಿ ಎಚ್ಚರ ತಪ್ಪಿ ಮಲಗಿದ್ದಳು, ಮೂಗಿಗೆ ನಳಿಕೆ. ಮಗು ಬೇರೆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ. ಗಂಡು. ಅಣ್ಣ ಗಾಜಿಗೆ ಹಣೆ ಹಚ್ಚಿ ನಿಂತಿದ್ದ.

“ನನ್ನ ಸುತ್ತಿಗೆಗಿಂತ ಹಗುರ ಕಣೇ,” ಅಂದ. “ಕಾಲು ನೋಡು. ನನ್ನ ಹೆಬ್ಬೆರಳಷ್ಟಿದೆ.”

ಮಗುವಿನ ಪುಪ್ಪುಸ ಇನ್ನೂ ಬಲಿತಿರಲಿಲ್ಲ. ಯಂತ್ರ ಉಸಿರು ಊದುತ್ತಿತ್ತು. ಪುಸ್… ಕ್ಲಿಕ್. ಪುಸ್… ಕ್ಲಿಕ್. ಎದೆಗೂಡು ಪ್ರತಿ ಸಲ ಒಳಕ್ಕೆ ಜಗ್ಗುತ್ತಿತ್ತು. ಕೆಲವು ದಿನ ಹಾಗೇ ಇತ್ತು. ಒಂದು ಮಧ್ಯಾಹ್ನ ನಾವು ಬೆಂಚಿನ ಮೇಲೆ ಕೂತಿದ್ದಾಗ ಕ್ಲಿಕ್ ನಿಂತಿತು. ಚೂಟಿಗೆ ಆಗಿನ್ನೂ ತಾನು ಹೆತ್ತದ್ದೇ ಸರಿಯಾಗಿ ನೆನಪಿರಲಿಲ್ಲ. ಅವಳು ಮಗುವನ್ನು ನೋಡಲಿಲ್ಲ.

ಅಣ್ಣ ಬಾವಿಯ ಮಾತು ಹೇಳಿದ್ದು ಆ ಮಧ್ಯಾಹ್ನದ ನಂತರ. ಹೇಳಿ, “ನೀನು ನಂಬ್ತೀಯಾ?” ಅಂದ.

“ಮುಖ ಹೇಗಿತ್ತು?” ಎಂದು ಕೇಳಿದೆ.

“ನೋಡ್ಲಿಲ್ಲ ಅಂದ್ನಲ್ಲ.”

“ಒಂದು ಸಲಾನೂ?”

“ಇಲ್ಲ ಕಣೇ.” ಬಾಗಿಲ ಕಡೆ ನೋಡಿ ಅಂದ, “ದನಿ ಮಾತ್ರ ಹಾಗೇ ಇತ್ತು. ಮಗು ದನಿ.”

ಚೂಟಿ ಉಳಿದಳು. ಪೊಲೀಸರು ಬಂದರು, ಕೇಳಿದರು, ಅಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೀದಿಯವರು ಅನ್ನುವುದನ್ನು ಅಂದರು. ಒಂದಷ್ಟು ದಿನ ಅಂದು ಬೇಸತ್ತು ಬಿಟ್ಟರು. ಅವಳು ಮರುವರ್ಷ ಶಾಲೆಗೆ ಬಂದಳು. ನನ್ನ ತರಗತಿಗೇ. ಈ ವಯಸ್ಸಿಗೇ ರಕ್ತದೊತ್ತಡದ ಮಾತ್ರೆ ನುಂಗುತ್ತಾಳೆ. ಆ ಫಿಟ್ಸ್‌ನಲ್ಲಿ ತಲೆಯೊಳಗೆ ಏನೋ ಆಗಿ, ಎಡಗಡೆ ಇರುವುದು ಅವಳಿಗೆ ಈಗ ಕಾಣುವುದಿಲ್ಲ. ಮೊದಲು ನನಗೆ ತಿಳಿಯಲಿಲ್ಲ. ಹಲಗೆಯ ಮೇಲಿನ ಸಾಲುಗಳನ್ನು ಅರ್ಧದಿಂದ ಬರೆದುಕೊಳ್ಳುತ್ತಿದ್ದಳು. ಈಗ ನಾನು ಎಲ್ಲವನ್ನೂ ಬಲಗಡೆಗೇ ಬರೆಯುತ್ತೇನೆ. ಒಂದು ಹುಡುಗಿ, “ಟೀಚರ್, ಆ ಕಡೆ ಹಲಗೆ ಏನು ಪಾಪ ಮಾಡಿತ್ತು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಚೂಟಿಯೂ ನಕ್ಕಳು.

ಬಾವಿಯ ದಾರಿಯಲ್ಲಿ ನಾನು ಎಷ್ಟೋ ಸಂಜೆ ಹೋಗಿದ್ದೇನೆ. ಹೊತ್ತು ಮುಳುಗಿದ ಮೇಲೂ ಹೋಗಿದ್ದೇನೆ. ಕಟ್ಟೆಯ ಮೇಲೆ ಕೂತಿದ್ದೇನೆ. ಒಮ್ಮೆ ತಂಗಿಯ ಚಪ್ಪಲಿಯನ್ನೂ ಕಪಾಟಿನಿಂದ ತೆಗೆದು ಜೊತೆಗೆ ಒಯ್ದಿದ್ದೆ. ದೀಪ ಜ್ಜ್ ಎನ್ನುತ್ತದೆ, ಟಕ್ ಎನ್ನುತ್ತದೆ. ಬೇರೇನೂ ಕೇಳಿಸುವುದಿಲ್ಲ. ನನ್ನ ಬಳಿಗೆ ಅವಳು ಬಂದಿಲ್ಲ.

ಆದರೆ ಇನ್ನೊಂದು ಸಂಗತಿ ಇದೆ. ಇದನ್ನು ಅಣ್ಣ ಹೇಳಿದ್ದಲ್ಲ, ನಾನೇ ನೋಡಿದ್ದು.

ಆಸ್ಪತ್ರೆಯಿಂದ ಬಂದ ಮೇಲೆ ಅವನ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. ಆ ರಾತ್ರಿಯಿಂದ ಶಟರ್ ತೆಗೆದಿರಲಿಲ್ಲ. ಬೀಗ ಹಾಕಿದ ಹಾಗೇ ಇತ್ತು, ಕೀಲಿ ಅವನ ಜೇಬಿನಲ್ಲಿತ್ತು. ಕಿರ್ರ್… ಎಂದು ಶಟರ್ ಮೇಲೆತ್ತಿದ. ಚೂಟಿಯ ಬಲಗಾಲಿನ ಚಪ್ಪಲಿ ಅಚ್ಚಿನ ಮೇಲೆ ಇತ್ತು. ಎಡಗಾಲಿನದು ಕಳಚಿ ಪಕ್ಕದಲ್ಲಿ ಇಟ್ಟಿತ್ತು. ನೀಟಾಗಿ, ಬಾಗಿಲಲ್ಲಿ ಬಿಡುವ ಹಾಗೆ. ಬರಿದಾದ ಎಡಗಾಲಿನ ಅಚ್ಚಿನ ಮೇಲೆ, ಪಾದದ ಮೇಲ್ಭಾಗ ಬರುವ ಕಡೆ, ಒಂದು ಗುಳಿ.

ಕೆತ್ತಿದ್ದಲ್ಲ. ಸುತ್ತಿಗೆ ಪೆಟ್ಟಲ್ಲ. ಮರದ ಗೆರೆಗಳು ಎಲ್ಲೂ ತುಂಡಾಗದೆ ಬಾಗಿ ಒಳಗಿಳಿದಿದ್ದವು. ಅಣ್ಣ ಹೆಬ್ಬೆರಳು ಇಟ್ಟ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಅವನ ಉಗುರು ಪೂರ್ತಿ ಮುಳುಗಿತು.

ಅದೇ ಅಚ್ಚಿಗೆ ಅವನು ನನ್ನ ತಂಗಿಯ ಚಪ್ಪಲಿಯನ್ನೂ ಹಾಕಿದ್ದು.

ಆಮೇಲೆ ಅವನು ಆ ಜೊತೆ ಅಚ್ಚನ್ನು ಬಳಸಿಲ್ಲ. ಎಡಗಾಲಿನದನ್ನು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ್ದಾನೆ. ಯಾರಾದರೂ ಎಳೇ ಹುಡುಗಿ ಬಂದು ಪಟ್ಟಿ ಬಿಗಿ ಎಂದರೆ ಮೊದಲು ಮೊಳೆ ಉಗುಳುತ್ತಾನೆ, “ಕಾಲು ತೋರ್ಸಮ್ಮ” ಅನ್ನುತ್ತಾನೆ. ಕೆಲವರು ಬೈದು ಹೋಗುತ್ತಾರೆ.

ಪ್ರತಿ ವರ್ಷ ರಜೆ ಮುಗಿಯುವಾಗ ನಾನು ಅಂಗಡಿಗೆ ಹೋಗಿ ಅಚ್ಚನ್ನು ಕೈಗೆ ತೆಗೆದುಕೊಂಡು ನೋಡುತ್ತೇನೆ. ಮೊದಲ ವರ್ಷ ಅಣ್ಣನ ಉಗುರು ಮುಳುಗುತ್ತಿತ್ತು. ಮರುವರ್ಷ ಉಗುರಿನ ಅಂಚು ಕಾಣಿಸಿತು. ಈ ಸಲ ಅರ್ಧ ಉಗುರು ಮೇಲಿದೆ. ಇದನ್ನು ನಾನು ಹಗಲು ಬೆಳಕಿನಲ್ಲಿ, ಕನ್ನಡಕ ಹಾಕಿಕೊಂಡು ನೋಡಿದ್ದೇನೆ. ಅತ್ತಿಗೆಯೂ ನೋಡಿದ್ದಾರೆ. ನಂಬದಿದ್ದರೆ ನೀವೂ ಹೋಗಿ ನೋಡಬಹುದು, ಬಾಗಿಲ ಹಿಂದೆಯೇ ಇದೆ.

ಒಣಗಿದ ಮರ. ಅದರ ಗುಳಿ ತುಂಬಿಕೊಳ್ಳುತ್ತಿದೆ.